ಏಡ್ಸ್: ಮೂರನೆಯ ಮಹಾಮಾರಿಯ ಕಥೆ

ಗೋವಾದ ಡಾಮಿನಿಕ್ ಡಿಸೋಜ ಆಗಾಗ ರಕ್ತದಾನ ಮಾಡುತ್ತಿದ್ದ ಯುವಕ. 1989ರ ಫೆಬ್ರುವರಿಯ ಒಂದು ದಿನ ಪೊಲೀಸರು ಅವರನ್ನು ಕರೆಸಿಕೊಂಡರು. ಠಾಣೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಬಳಕೆ ತಪ್ಪಿದ್ದ ಹಳೆಯ ಕ್ಷಯರೋಗ ಚಿಕಿತ್ಸಾಲಯವೊಂದಕ್ಕೆ ಅವರನ್ನು ಸಾಗಿಸಲಾಯಿತು. ಅಲ್ಲಿ ಕಾವಲಿನಲ್ಲಿಟ್ಟು ಕೂಡಿಹಾಕಲಾಯಿತು. ಡಿಸೋಜ ಕಳವು ಮಾಡಿರಲಿಲ್ಲ, ಯಾರ ಮೇಲೂ ಕೈ ಎತ್ತಿರಲಿಲ್ಲ. ಅವರು ದಾನವಾಗಿ ಕೊಟ್ಟ ರಕ್ತದಲ್ಲಿ ಎಚ್‌ಐವಿ ಸೋಂಕು ಕಂಡುಬಂದಿತ್ತು, ಅಷ್ಟೆ. ಅಂಥವರನ್ನು ಪ್ರತ್ಯೇಕವಾಗಿ ಇಡಬೇಕೆಂದು ಗೋವಾದ ಸಾರ್ವಜನಿಕ ಆರೋಗ್ಯ ಕಾಯಿದೆ ಹೇಳುತ್ತಿತ್ತು. ಅಧಿಕಾರಿಗಳು ಕಾಯಿದೆಯನ್ನು ಪಾಲಿಸಿದರು. ಡಿಸೋಜ 64 ದಿನ ಸೆರೆಯಲ್ಲಿದ್ದರು.

ಮಗನನ್ನು ಬಿಡಿಸಲು ತಾಯಿ ಲೂಸಿ ಡಿಸೋಜ ಹೈಕೋರ್ಟಿನ ಮೊರೆ ಹೋದರು. ಊರಿನ ಜನ ಮೆರವಣಿಗೆ ಮಾಡಿದರು. ಮಗ ಮನೆಗೆ ಬಂದರೂ ಕೆಲಸ ಉಳಿಯಲಿಲ್ಲ. ಸರ್ಕಾರ ಕಾಯಿದೆಯನ್ನು ಕೊಂಚ ಸಡಿಲಿಸಿ, ಯಾರನ್ನು ಪ್ರತ್ಯೇಕವಾಗಿ ಇಡಬೇಕೆಂಬುದನ್ನು ಅಧಿಕಾರಿಗಳ ವಿವೇಚನೆಗೆ ಬಿಟ್ಟಿತು. ಆದರೆ ಹೈಕೋರ್ಟು ಕಾಯಿದೆಯನ್ನು ರದ್ದು ಮಾಡಲಿಲ್ಲ. ಒಬ್ಬ ವ್ಯಕ್ತಿಯ ಹಕ್ಕಿಗಿಂತ ಸಮಾಜದ ಆರೋಗ್ಯ ದೊಡ್ಡದು ಎಂಬುದು ಅದರ ನಿಲುವಾಗಿತ್ತು. ಮೇಲ್ನೋಟಕ್ಕೆ ಇದು ನ್ಯಾಯವಾದ ಮಾತೇ. ಆದರೆ ರೋಗಿಯ ಹಕ್ಕು ಒಂದು ಕಡೆ, ಸಮಾಜದ ಆರೋಗ್ಯ ಇನ್ನೊಂದು ಕಡೆ ಎಂದು ತಕ್ಕಡಿಯಲ್ಲಿಟ್ಟು ತೂಗುವುದು ಸರಿಯೆ? ಏಡ್ಸ್ ರೋಗದ ನಾಲ್ಕು ದಶಕಗಳ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತ ನಡೆದಿದೆ.

ರೋಗಿಯನ್ನು ದೂರ ಇಡುವ ಆಲೋಚನೆ ಗೋವಾದ ಅಧಿಕಾರಿಗಳಿಗೆ ಹೊಸದಾಗಿ ಹೊಳೆದದ್ದಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಬ್ರಿಟಿಷ್ ಸರ್ಕಾರ ಮಾಡಿದ್ದೂ ಅದನ್ನೇ. ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ ಜನ ಪೇಟೆಯನ್ನು ತೊರೆದು ಬಯಲಿಗೆ ಓಡಿದರು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಆ ಭಯದ ನಂತರವೇ. ಅದೇ ವರ್ಷ ಕುಷ್ಠರೋಗಿಗಳನ್ನು ಕೂಡಿಹಾಕಲು ಅವಕಾಶ ಕೊಡುವ ಕಾಯಿದೆಯೂ ಜಾರಿಗೆ ಬಂತು. ಅದು ಪೂರ್ತಿಯಾಗಿ ರದ್ದಾದದ್ದು 2016ರಲ್ಲಿ!

ಪ್ಲೇಗಿನ ಊರನ್ನು ಬಿಡುವುದರಲ್ಲಿ ಅರ್ಥವಿತ್ತು. ಇಲಿ ಚಿಗಟಗಳಿರುವ ಮನೆಯಿಂದ ದೂರ ಹೋದವರು ಬದುಕಿಕೊಂಡರು. ಎಚ್‌ಐವಿಯ ದಾರಿ ಬೇರೆ. ಅದು ಮುಟ್ಟಿದರೆ ಹರಡದು, ಒಂದೇ ತಟ್ಟೆಯಲ್ಲಿ ಉಂಡರೆ ಹರಡದು, ಕೆಮ್ಮಿದರೆ ಹರಡದು, ಸೊಳ್ಳೆ ಕಚ್ಚಿದರೂ ಹರಡದು. ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿನ ರಕ್ತ, ಹಲವರು ಬಳಸಿದ ಸೂಜಿ, ಸೋಂಕಿರುವ ತಾಯಿಯಿಂದ ಮಗು ಇವೇ ಅದರ ದಾರಿಗಳು. ಇನ್ನೂ ಮುಖ್ಯವಾದ ಮಾತೆಂದರೆ, ಸೋಂಕು ತಗುಲಿದ ಮೇಲೆ ಎಂಟು ಹತ್ತು ವರ್ಷ ಮನುಷ್ಯ ಗಟ್ಟಿಮುಟ್ಟಾಗಿಯೇ ಇರಬಹುದು. ತನಗೆ ಸೋಂಕಿದೆಯೆಂದು ಅವನಿಗೂ ಗೊತ್ತಿರುವುದಿಲ್ಲ, ಅವನ ಹೆಂಡತಿಗೂ ಗೊತ್ತಿರುವುದಿಲ್ಲ. ಗೊತ್ತಾಗಬೇಕಾದರೆ ರಕ್ತಪರೀಕ್ಷೆಗೆ ತಾನಾಗಿಯೇ ಬರಬೇಕು. ಪರೀಕ್ಷೆಗೆ ಬಂದವನನ್ನು ಪೊಲೀಸರು ಹಿಡಿದೊಯ್ಯುವುದಾದರೆ ಯಾರು ತಾನೆ ಬಂದಾರು? ಒಬ್ಬ ಡಿಸೋಜರನ್ನು ಕೂಡಿಹಾಕಿದ ಸುದ್ದಿ ನೂರಾರು ಜನರನ್ನು ಆಸ್ಪತ್ರೆಯ ಬಾಗಿಲಿನಿಂದ ಹಿಂದಕ್ಕೆ ಅಟ್ಟಬಲ್ಲದು.

ಹೆಸರಿಗೆ ಮೊದಲೇ ಹಣೆಪಟ್ಟಿ

ಈ ರೋಗದ ಮೊದಲ ವರದಿ ಅಚ್ಚಾದದ್ದು 1981ರ ಜೂನ್ 5ರಂದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೊರತರುವ ವಾರಪತ್ರಿಕೆಯಲ್ಲಿ, ಲಾಸ್ ಏಂಜಲೀಸಿನ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ ಬಂದ ಸಂಗತಿ ಪ್ರಕಟವಾಗಿತ್ತು. ಆ ಐವರೂ ಸಲಿಂಗಕಾಮಿಗಳಾಗಿದ್ದರು. ದೇಹದ ರೋಗನಿರೋಧಕ ಶಕ್ತಿ ಕುಸಿದವರಿಗಷ್ಟೇ ಬರುವ ರೋಗ ಆರೋಗ್ಯವಂತ ಯುವಕರಿಗೆ ಯಾಕೆ ಬಂತೆಂಬುದು ವೈದ್ಯರಿಗೆ ಒಗಟಾಗಿತ್ತು. 1982ರಲ್ಲಿ ರೋಗಕ್ಕೆ ಏಡ್ಸ್ ಎಂಬ ಹೆಸರು ಬಂತು. 1983ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಫ್ರಾನ್ಸ್ವಾಜ್ ಬಾರೆ-ಸಿನೂಸಿ ಮತ್ತು ಲುಕ್ ಮೊಂಟಾನ್ಯೇ ಅದರ ವೈರಾಣುವನ್ನು ಬೇರ್ಪಡಿಸಿದರು. ಇದಕ್ಕಾಗಿ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ವೈರಾಣು ಸಿಗುವ ಮೊದಲೇ ಸಮಾಜ ಅಪರಾಧಿಗಳನ್ನು ಹುಡುಕಿಯಾಗಿತ್ತು. ಸಲಿಂಗಕಾಮಿಗಳು, ಹೆರಾಯಿನ್ ಚುಚ್ಚಿಕೊಳ್ಳುವವರು, ಹಿಮೋಫಿಲಿಯಾ ರೋಗಿಗಳು, ಹೈಟಿ ದೇಶದಿಂದ ಬಂದವರು ಎಂದು ನಾಲ್ಕು ಗುಂಪುಗಳ ಪಟ್ಟಿ ತಯಾರಾಯಿತು. ಹೈಟಿಯವರೆಂಬ ಒಂದೇ ಕಾರಣಕ್ಕೆ ಜನ ಕೆಲಸ ಕಳೆದುಕೊಂಡರು. ಆ ಪುಟ್ಟ ದೇಶದ ಪ್ರವಾಸೋದ್ಯಮ ನೆಲಕಚ್ಚಿತು. 1985ರಲ್ಲಿ ಹೈಟಿಯ ಹೆಸರನ್ನು ಪಟ್ಟಿಯಿಂದ ತೆಗೆದರೂ ಕಳಂಕ ಅಷ್ಟು ಬೇಗ ಅಳಿಯಲಿಲ್ಲ. ಇನ್ನೊಂದು ಹಾನಿಯೂ ಆಯಿತು. ಪಟ್ಟಿಯಲ್ಲಿ ಇಲ್ಲದವರೆಲ್ಲ ಇದು ತಮಗೆ ಬಾರದ ರೋಗವೆಂದು ನೆಮ್ಮದಿಯಿಂದ ಇದ್ದುಬಿಟ್ಟರು.

ಹಿಮೋಫಿಲಿಯಾ ಇದ್ದವರ ಪಾಡು ಇದಕ್ಕೆ ಸಾಕ್ಷಿ. ರಕ್ತ ಹೆಪ್ಪುಗಟ್ಟದ ಈ ರೋಗಕ್ಕೆ ಆಗ ಸಾವಿರಾರು ದಾನಿಗಳ ರಕ್ತದಿಂದ ತೆಗೆದ ಔಷಧಿ ಬೇಕಾಗುತ್ತಿತ್ತು. ಅದರ ಮೂಲಕವೇ ಸೋಂಕು ಹರಡಿತು. ಇಂಡಿಯಾನಾ ರಾಜ್ಯದ ರಯಾನ್ ವೈಟ್ ಎಂಬ 13 ವರ್ಷದ ಹುಡುಗನಿಗೆ ಸೋಂಕು ತಗುಲಿದ್ದು ಹೀಗೆ. 1985ರಲ್ಲಿ ಶಾಲೆ ಅವನನ್ನು ಒಳಗೆ ಸೇರಿಸಲಿಲ್ಲ. ಅವನು ಬಂದರೆ ತಮ್ಮ ಮಕ್ಕಳನ್ನು ಕಳಿಸುವುದಿಲ್ಲವೆಂದು ಎಷ್ಟೋ ತಂದೆತಾಯಿಗಳು ಹಟ ಹಿಡಿದರು. 1990ರಲ್ಲಿ ಅವನು ತೀರಿಕೊಂಡ ಕೆಲವೇ ತಿಂಗಳಲ್ಲಿ, ಏಡ್ಸ್ ರೋಗಿಗಳ ಆರೈಕೆಗಾಗಿ ಅಮೆರಿಕ ಅವನ ಹೆಸರಿನಲ್ಲೇ ಒಂದು ಕಾಯಿದೆಯನ್ನು ಮಾಡಿತು.

ಸರ್ಕಾರಗಳು ಮೊದಲು ಸುಮ್ಮನಿದ್ದವು, ಆಮೇಲೆ ಗೋಡೆ ಕಟ್ಟಿದವು. ಅಧ್ಯಕ್ಷ ರೇಗನ್ ಈ ವಿಷಯವಾಗಿ ಮೊದಲ ದೊಡ್ಡ ಭಾಷಣ ಮಾಡಿದ್ದು 1987ರ ಮೇ ತಿಂಗಳಲ್ಲಿ. ಅಷ್ಟರಲ್ಲಿ 20 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು. ಅದೇ ವರ್ಷ ಅಮೆರಿಕ ಸೋಂಕಿರುವ ವಿದೇಶಿಯರಿಗೆ ತನ್ನ ಬಾಗಿಲನ್ನು ಮುಚ್ಚಿತು. ಈ ನಿಷೇಧ 2010ರ ತನಕ ಉಳಿಯಿತು. ಇದನ್ನು ಪ್ರತಿಭಟಿಸಿ 1992ರ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನವನ್ನು ಬಾಸ್ಟನ್ನಿನಿಂದ ಆಮ್‌ಸ್ಟರ್‌ಡ್ಯಾಮಿಗೆ ಸ್ಥಳಾಂತರಿಸಲಾಯಿತು. ಕ್ಯೂಬಾ ದೇಶ 1986ರಿಂದ ಸೋಂಕಿತರೆಲ್ಲರನ್ನೂ ಆರೋಗ್ಯಧಾಮಗಳಲ್ಲಿ ಇರಿಸಿತು. ಅಲ್ಲಿ ಊಟ, ಸಂಬಳ, ಚಿಕಿತ್ಸೆ ಚೆನ್ನಾಗಿತ್ತು, ಸೋಂಕೂ ಕಡಿಮೆ ಇತ್ತು ಎಂದು ವಾದಿಸುವವರಿದ್ದಾರೆ. ಆದರೆ ಅದು ಇಡೀ ಜನಸಂಖ್ಯೆಯನ್ನು ಪರೀಕ್ಷೆಗೆ ಒಳಪಡಿಸಬಲ್ಲ, ರೋಗ ಇನ್ನೂ ಬೇರೂರದಿದ್ದ ಪುಟ್ಟ ದ್ವೀಪ. 1993ರಲ್ಲಿ ಆ ದೇಶವೂ ಕಡ್ಡಾಯ ವಾಸವನ್ನು ಕೈಬಿಟ್ಟಿತು.

ಜಿನೀವಾಕ್ಕೆ ಬಂದ ವೈದ್ಯ

ಈ ಗೋಡೆಗಳ ವಿರುದ್ಧ ಮೊದಲು ಗಟ್ಟಿಯಾಗಿ ಮಾತಾಡಿದವರು ಜೊನಾಥನ್ ಮನ್ ಎಂಬ ಅಮೆರಿಕದ ವೈದ್ಯ. 1984ರಿಂದ ಎರಡು ವರ್ಷ ಅವರು ಆಗಿನ ಜೈರ್ ದೇಶದ ಕಿನ್ಷಾಸಾ ನಗರದಲ್ಲಿ ಸಂಶೋಧನೆ ನಡೆಸಿದರು. ಅಲ್ಲಿನ ಚಿತ್ರ ಅಮೆರಿಕದ ಪಟ್ಟಿಗೆ ಹೊಂದುತ್ತಿರಲಿಲ್ಲ. ಗಂಡಸರಷ್ಟೇ ಸಂಖ್ಯೆಯಲ್ಲಿ ಹೆಂಗಸರೂ ಸಾಯುತ್ತಿದ್ದರು, ಜೊತೆಗೆ ಹಸುಗೂಸುಗಳೂ. 1986ರಲ್ಲಿ ಮನ್ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಗೆ ಬಂದು ಅದರ ಏಡ್ಸ್ ಕಾರ್ಯಕ್ರಮವನ್ನು ಕಟ್ಟತೊಡಗಿದರು.

1987ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಏಡ್ಸ್ ಕುರಿತು ಚರ್ಚಿಸಿತು. ಒಂದು ರೋಗದ ಬಗ್ಗೆ ಆ ಸಭೆ ಚರ್ಚೆ ನಡೆಸಿದ್ದು ಅದೇ ಮೊದಲು. ಅಲ್ಲಿ ಮನ್ ಜಗತ್ತಿನ ಮುಂದಿಟ್ಟದ್ದು ಮೂರು ಮಹಾಮಾರಿಗಳ ಲೆಕ್ಕ. ಮೊದಲನೆಯದು ಯಾರ ಕಣ್ಣಿಗೂ ಬೀಳದೆ ಹರಡುವ ಎಚ್‌ಐವಿ ಸೋಂಕು. ಎರಡನೆಯದು ವರ್ಷಗಳ ನಂತರ ತಲೆಯೆತ್ತುವ ಏಡ್ಸ್ ರೋಗ. ಮೂರನೆಯದು ಇವೆರಡಕ್ಕೆ ಸಮಾಜ ತೋರುವ ಪ್ರತಿಕ್ರಿಯೆ, ಅಂದರೆ ಭಯ, ದೂಷಣೆ, ಬಹಿಷ್ಕಾರ. ಮೂರನೆಯದನ್ನು ಗೆಲ್ಲದೆ ಮೊದಲ ಎರಡನ್ನು ಗೆಲ್ಲಲಾಗದು ಎಂಬುದು ಅವರ ವಾದದ ತಿರುಳು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಮ್ಮೇಳನ ಸೋಂಕಿತರ ವಿರುದ್ಧ ತಾರತಮ್ಯ ಕೂಡದೆಂದು ನಿರ್ಣಯ ಮಾಡಿತು. 1988ರ ಡಿಸೆಂಬರ್ 1ರಂದು ಮೊದಲ ವಿಶ್ವ ಏಡ್ಸ್ ದಿನ ನಡೆಯಿತು. ಮೇಲಧಿಕಾರಿಯೊಡನೆ ಭಿನ್ನಾಭಿಪ್ರಾಯ ಬಂದು ಮನ್ 1990ರಲ್ಲಿ ರಾಜೀನಾಮೆ ಕೊಟ್ಟರು. 1998ರಲ್ಲಿ ವಿಮಾನ ಅಪಘಾತವೊಂದರಲ್ಲಿ ತೀರಿಕೊಂಡರು. ಆದರೆ ರೋಗಿಯ ಹಕ್ಕು ಮತ್ತು ಸಮಾಜದ ಆರೋಗ್ಯ ಒಂದಕ್ಕೊಂದು ಎದುರಾಳಿಗಳಲ್ಲ ಎಂಬ ಅವರ ಮಾತು ಉಳಿಯಿತು.

ಮನ್ ಹೇಳಿದ್ದನ್ನು ರೋಗಿಗಳು ಅವರಿಗಿಂತ ಮೊದಲೇ ಕಂಡುಕೊಂಡಿದ್ದರು. 1983ರಲ್ಲಿ ಅಮೆರಿಕದ ಡೆನ್ವರ್ ನಗರದ ಸಮ್ಮೇಳನವೊಂದರಲ್ಲಿ ಕೆಲವು ರೋಗಿಗಳು ವೇದಿಕೆ ಏರಿ ತಮ್ಮದೇ ಒಂದು ಘೋಷಣೆಯನ್ನು ಓದಿದರು. ತಮ್ಮನ್ನು ಬಲಿಪಶುಗಳೆಂದು ಕರೆಯಬೇಡಿ, ತಮಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ತಮಗೂ ಪಾಲಿರಲಿ ಎಂಬುದು ಅವರ ಬೇಡಿಕೆ. 1987ರಲ್ಲಿ ನ್ಯೂಯಾರ್ಕಿನಲ್ಲಿ ನಾಟಕಕಾರ ಲ್ಯಾರಿ ಕ್ರೇಮರ್ ಮತ್ತು ಸಂಗಡಿಗರು ‘ಆಕ್ಟ್ ಅಪ್’ ಸಂಘಟನೆಯನ್ನು ಕಟ್ಟಿದರು. ಮೌನವೆಂದರೆ ಸಾವು ಎಂಬುದು ಆ ಹೋರಾಟದ ಘೋಷವಾಯಿತು. ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಕಚೇರಿಗೆ ಅವರು 1988ರಲ್ಲಿ ಮುತ್ತಿಗೆ ಹಾಕಿದರು. ಹೊಸ ಔಷಧಿಗಳ ಪರೀಕ್ಷೆಯ ನಿಯಮಗಳನ್ನು ತಾವೇ ಓದಿ, ವಿಜ್ಞಾನಿಗಳೊಡನೆ ಸರಿಸಮವಾಗಿ ವಾದಿಸಿದರು. ಸಾಯುತ್ತಿರುವವರಿಗೆ ಔಷಧಿ ಬೇಗ ಸಿಗುವಂತೆ ನಿಯಮಗಳು ಬದಲಾದವು. ಇಂದು ಕ್ಯಾನ್ಸರ್ ರೋಗಿಗಳ ಸಂಘಗಳು ನೀತಿ ರೂಪಿಸುವ ಸಮಿತಿಗಳಲ್ಲಿ ಕೂರುವಂತಾಗಿದ್ದರೆ ಅದರ ಹಿಂದೆ ಈ ಹೋರಾಟದ ದೊಡ್ಡ ಪಾಲಿದೆ.

ಬಡ ದೇಶಗಳಲ್ಲಿ ಇದೇ ಕೆಲಸ ಬೇರೆ ರೀತಿಯಲ್ಲಿ ನಡೆಯಿತು. ಉಗಾಂಡಾದ ನೊಯೆರಿನ್ ಕಲೀಬಾ ಎಂಬ ಮಹಿಳೆ ಏಡ್ಸಿನಿಂದ ಗಂಡನನ್ನು ಕಳೆದುಕೊಂಡು, 1987ರಲ್ಲಿ ಅದೇ ಸಂಕಟದಲ್ಲಿದ್ದ ಇತರರನ್ನು ಸೇರಿಸಿ ‘ಟಾಸೊ’ ಎಂಬ ಸಂಸ್ಥೆಯನ್ನು ಆರಂಭಿಸಿದರು. 1989ರಲ್ಲಿ ಜನಪ್ರಿಯ ಗಾಯಕ ಫಿಲಿ ಲುತಾಯಾ ತನಗೆ ಏಡ್ಸ್ ಇದೆಯೆಂದು ಬಹಿರಂಗವಾಗಿ ಹೇಳಿ, ಬದುಕಿನ ಕೊನೆಯ ತಿಂಗಳುಗಳನ್ನು ಶಾಲೆ ಚರ್ಚುಗಳಲ್ಲಿ ಮಾತಾಡುತ್ತ ಕಳೆದರು. ಗೂಟಕ್ಕೆ ಕಟ್ಟಿದ ದನ ತನ್ನ ಸುತ್ತಲ ಹುಲ್ಲನ್ನಷ್ಟೇ ಮೇಯುವಂತೆ ಮನೆಯ ಸಂಗಾತಿಗೆ ನಿಷ್ಠರಾಗಿರಿ ಎಂದು ಸರ್ಕಾರ ರೈತರಿಗೆ ತಿಳಿಯುವ ಮಾತಿನಲ್ಲಿ ಸಾರಿತು. 1990ರ ದಶಕದಲ್ಲಿ ಆ ದೇಶದ ಸೋಂಕಿನ ಪ್ರಮಾಣ ಗಣನೀಯವಾಗಿ ಇಳಿಯಿತು. ಅಲ್ಲಿ ಆಗ ಹೊಸ ಔಷಧಿಯೇನೂ ಇರಲಿಲ್ಲ. ರೋಗದ ಬಗ್ಗೆ ಬಾಯಿಬಿಟ್ಟು ಮಾತಾಡುವುದೇ ಕೈಲಿದ್ದ ಮುಖ್ಯ ಮದ್ದಾಗಿತ್ತು.

ಮದ್ರಾಸಿನ ಆರು ಮಾದರಿಗಳು

ಭಾರತದಲ್ಲಿ ಸೋಂಕನ್ನು ಮೊದಲು ಪತ್ತೆಹಚ್ಚಿದವರು ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ. ಲೈಂಗಿಕ ವೃತ್ತಿಯ ಮಹಿಳೆಯರಿಂದ ನಿರ್ಮಲಾ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಕಾಲೇಜಿನಲ್ಲಿ ಸೌಕರ್ಯವಿಲ್ಲದ್ದರಿಂದ ಅವನ್ನು ಮನೆಯ ಫ್ರಿಜ್ಜಿನಲ್ಲಿ ಇಟ್ಟುಕೊಂಡು, 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದು ಪರೀಕ್ಷಿಸಿದಾಗ ಆರು ಮಾದರಿಗಳಲ್ಲಿ ಸೋಂಕು ಕಂಡಿತು. ತಮಿಳುನಾಡಿನ ಆರೋಗ್ಯ ಸಚಿವರು ಅದನ್ನು ವಿಧಾನಸಭೆಯಲ್ಲಿ ಪ್ರಕಟಿಸಿದರು. ದೇಶ ನಂಬಲು ಸಿದ್ಧವಿರಲಿಲ್ಲ. ಇದು ಪಶ್ಚಿಮದ ರೋಗ, ನಮ್ಮ ಸಂಸ್ಕೃತಿಯಲ್ಲಿ ಇದಕ್ಕೆ ಎಡೆಯಿಲ್ಲ ಎಂದವರೇ ಹೆಚ್ಚು.

ಸಂಸ್ಕೃತಿಯ ಹೆಸರಿನ ಈ ಧೈರ್ಯ ಹೆಚ್ಚು ದಿನ ಬಾಳಲಿಲ್ಲ. 1989ರಲ್ಲಿ ಕೇಂದ್ರ ಸರ್ಕಾರ ಏಡ್ಸ್ ತಡೆ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸಿತು. ಅದರಲ್ಲಿದ್ದದ್ದು ಮತ್ತೆ ಅದೇ ಹಳೆಯ ಆಲೋಚನೆ: ಹುಡುಕು, ಪರೀಕ್ಷಿಸು, ದೂರ ಇಡು. ವಿರೋಧ ಬಂದು ಮಸೂದೆಯನ್ನು ಕೊನೆಗೆ ಹಿಂತೆಗೆದುಕೊಳ್ಳಲಾಯಿತು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ‘ನ್ಯಾಕೊ’ ಹುಟ್ಟಿತು. ಇತ್ತ ರಕ್ತದ ವ್ಯಾಪಾರ ನಡೆದೇ ಇತ್ತು. ಹೊಟ್ಟೆಪಾಡಿಗಾಗಿ ಪದೇ ಪದೇ ರಕ್ತ ಮಾರುವ ಬಡವರು, ಅವರನ್ನು ಕರೆತರುವ ದಲ್ಲಾಳಿಗಳು ದೊಡ್ಡ ಆಸ್ಪತ್ರೆಗಳ ಸುತ್ತಮುತ್ತ ಇದ್ದೇ ಇರುತ್ತಿದ್ದರು. ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ಆದೇಶದಂತೆ 1998ರ ಆರಂಭದಿಂದ ಹಣಕ್ಕೆ ರಕ್ತ ಕೊಡುವುದು ನಿಂತಿತು.

ಈ ಅವಧಿಯಲ್ಲಿ ಹೆಚ್ಚು ನೊಂದವರು ಮನೆಯಲ್ಲೇ ಇದ್ದ ಹೆಂಗಸರು. ದುಡಿಯಲು ಮುಂಬಯಿ ಪುಣೆಗೆ ಹೋದ ಗಂಡ, ಲಾರಿಯಲ್ಲಿ ತಿಂಗಳುಗಟ್ಟಲೆ ಊರೂರು ಅಲೆವ ಗಂಡ ತಂದ ಸೋಂಕು ಹೆಂಡತಿಗೆ ಗೊತ್ತಾಗುತ್ತಿದ್ದದ್ದು ಅನೇಕ ಸಲ ಬಸುರಿಯಾಗಿ ಆಸ್ಪತ್ರೆಗೆ ಹೋದಾಗ. ಗಂಡ ಸತ್ತರೆ, ಇವಳ ಕಾಲ್ಗುಣವೇ ಹೀಗೆ ಎಂಬ ಮಾತು ಅತ್ತೆಮನೆಯಲ್ಲಿ ಕೇಳಬೇಕು. ಆಸ್ತಿಯಲ್ಲಿ ಪಾಲಿಲ್ಲ, ಉಣ್ಣಲು ಬೇರೆ ತಟ್ಟೆ, ಮಲಗಲು ಕೊಟ್ಟಿಗೆ. ಜಾತಿಯ ಮೈಲಿಗೆಯನ್ನು ಶತಮಾನಗಳಿಂದ ರೂಢಿಸಿಕೊಂಡ ಸಮಾಜಕ್ಕೆ ಈ ಹೊಸ ಅಸ್ಪೃಶ್ಯತೆಯನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ಕಲಿಸುವವರು ಯಾರು?

ತಡೆಯುವ ದಾರಿ ತೋರಿಸಿದ್ದು ಕಲ್ಕತ್ತದ ಸೋನಾಗಾಛಿ. 1992ರಲ್ಲಿ ಡಾ. ಸ್ಮರಜಿತ್ ಜಾನಾ ಅಲ್ಲಿನ ಲೈಂಗಿಕ ವೃತ್ತಿಯ ಮಹಿಳೆಯರ ನಡುವೆ ಕೆಲಸ ಶುರುಮಾಡಿದರು. ಕಾಂಡೋಮ್ ಹಂಚಿ ಉಪದೇಶ ಮಾಡಿದರೆ ಸಾಲದೆಂದು ಬೇಗನೆ ಅವರಿಗೆ ತಿಳಿಯಿತು. ಗಿರಾಕಿ ಬೇಡವೆಂದರೆ ಆ ದಿನದ ಊಟ ಹೋಯಿತು. ಪೊಲೀಸರು ಹಿಡಿದರೆ ದಂಡ, ಮನೆಯೊಡತಿಯ ಸಾಲ ಬೇರೆ, ಸಾಹುಕಾರನ ಬಡ್ಡಿ ಬೇರೆ. ಹೀಗಿರುವಾಗ ಬೇಡ ಎನ್ನುವ ಶಕ್ತಿ ಒಬ್ಬ ಹೆಂಗಸಿಗೆ ಎಲ್ಲಿಂದ ಬರಬೇಕು? ಆದ್ದರಿಂದ ಅದೇ ಓಣಿಯ ಮಹಿಳೆಯರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಲಾಯಿತು. 1995ರಲ್ಲಿ ಅವರ ಸಂಘ ‘ದುರ್ಬಾರ್’ ಹುಟ್ಟಿತು, ಜೊತೆಗೆ ಅವರದೇ ಉಳಿತಾಯದ ಸಹಕಾರ ಸಂಘವೂ. ಕೈಯಲ್ಲಿ ನಾಲ್ಕು ಕಾಸು, ಹಿಂದೆ ಒಂದು ಸಂಘ ಇದ್ದಾಗ ಕಾಂಡೋಮ್ ಇಲ್ಲದೆ ಆಗದು ಎಂಬ ಮಾತು ಬಾಯಿಗೆ ಬಂತು. ಓಣಿಯ ಎಲ್ಲರೂ ಅದನ್ನೇ ಹೇಳಿದಾಗ ಗಿರಾಕಿಗೂ ಬೇರೆ ದಾರಿ ಉಳಿಯಲಿಲ್ಲ.

ಕರ್ನಾಟಕದ ಕಥೆಯೂ ಇದಕ್ಕೆ ಹೊರತಲ್ಲ. ಮಹಾರಾಷ್ಟ್ರ, ತಮಿಳುನಾಡು, ಆಂಧ್ರಪ್ರದೇಶ, ಮಣಿಪುರ, ನಾಗಾಲ್ಯಾಂಡ್‌ಗಳ ಜೊತೆ ಈ ರಾಜ್ಯವೂ ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳ ಪಟ್ಟಿಯಲ್ಲಿತ್ತು. ಇಲ್ಲಿ ಗರ್ಭಿಣಿಯರಲ್ಲಿ ಸೋಂಕಿನ ಪ್ರಮಾಣ ಶೇಕಡ 1ನ್ನು ದಾಟಿತ್ತು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಬರಗಾಲ, ಗುಳೆ, ಹೆದ್ದಾರಿಗಳ ಜೊತೆಗೆ ದೇವದಾಸಿ ಪದ್ಧತಿಯೂ ಸೇರಿತ್ತು. ಮುತ್ತು ಕಟ್ಟುವುದನ್ನು 1982ರ ಕಾಯಿದೆ ನಿಷೇಧಿಸಿದ್ದರೂ ಬಡತನವನ್ನು ನಿಷೇಧಿಸುವ ಕಾಯಿದೆ ಎಲ್ಲಿದೆ? 2003ರಲ್ಲಿ ಗೇಟ್ಸ್ ಪ್ರತಿಷ್ಠಾನ ಈ ಆರು ರಾಜ್ಯಗಳಲ್ಲಿ ‘ಆವಾಹನ್’ ಎಂಬ ದೊಡ್ಡ ಕಾರ್ಯಕ್ರಮವನ್ನು ಆರಂಭಿಸಿತು. ರಾಜ್ಯದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಅದರ ಹೊಣೆ ಹೊತ್ತಿತು. ಮೈಸೂರಿನಲ್ಲಿ ಲೈಂಗಿಕ ವೃತ್ತಿಯವರೇ ಸೇರಿ ‘ಅಶೋದಯ’ ಸಮಿತಿಯನ್ನು ಕಟ್ಟಿಕೊಂಡರು.

ಈ ಕೆಲಸದಲ್ಲಿ ಕಲಿತ ಪಾಠಗಳಲ್ಲಿ ಒಂದನ್ನು ವಿಶೇಷವಾಗಿ ನೆನೆಯಬೇಕು. ಪೊಲೀಸರ ಮತ್ತು ರೌಡಿಗಳ ಹೊಡೆತವೂ ಸೋಂಕನ್ನು ಹೆಚ್ಚಿಸುವ ಕಾರಣಗಳಲ್ಲಿ ಒಂದು. ಕೈಚೀಲದಲ್ಲಿ ಕಾಂಡೋಮ್ ಸಿಕ್ಕರೆ ಅದನ್ನೇ ಸಾಕ್ಷಿ ಮಾಡಿ ಹಿಡಿಯುವ ಪರಿಸ್ಥಿತಿ ಇದ್ದಾಗ ಯಾರೂ ಅದನ್ನು ಇಟ್ಟುಕೊಳ್ಳಲಾರರು. ಆದ್ದರಿಂದ ರಾಜ್ಯದಲ್ಲಿ ಯಾರಿಗಾದರೂ ತೊಂದರೆಯಾದ ಸುದ್ದಿ ಬಂದರೆ ಹೊತ್ತಿಲ್ಲದ ಹೊತ್ತಿನಲ್ಲೂ ಓಡಿಹೋಗುವ ಮಹಿಳೆಯರ ತಂಡಗಳು ಸಿದ್ಧವಾದವು. ವಕೀಲರ ನೆರವು ಸಿಕ್ಕಿತು, ಪೊಲೀಸರಿಗೂ ತರಬೇತಿ ನಡೆಯಿತು. ವೈರಾಣುವಿನ ವಿರುದ್ಧದ ಕೆಲಸ ಠಾಣೆಯ ಮೆಟ್ಟಿಲಿನವರೆಗೆ ಹೋಗಬೇಕಾದೀತೆಂದು 1981ರಲ್ಲಿ ಯಾರೂ ಊಹಿಸಿರಲಾರರು. ನಂತರದ ವರ್ಷಗಳಲ್ಲಿ ರಾಜ್ಯದ ಸೋಂಕಿನ ಪ್ರಮಾಣ ಇಳಿಯುತ್ತ ಬಂದಿತು.

ಇದೇ ತರ್ಕ ದೆಹಲಿಯ ಹೈಕೋರ್ಟಿಗೂ ಹೋಯಿತು. ಎಚ್‌ಐವಿ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದ ನಾಜ್ ಪ್ರತಿಷ್ಠಾನ, ಸಲಿಂಗಕಾಮವನ್ನು ಅಪರಾಧವೆನ್ನುವ ದಂಡಸಂಹಿತೆಯ 377ನೇ ಕಲಮು ಜನರನ್ನು ಕತ್ತಲಿಗೆ ತಳ್ಳಿ ರೋಗವನ್ನು ಹೆಚ್ಚಿಸುತ್ತದೆಂದು 2001ರಲ್ಲಿ ಅರ್ಜಿ ಹಾಕಿತು. ಕೇಂದ್ರದ ಗೃಹ ಸಚಿವಾಲಯ ಅರ್ಜಿಯನ್ನು ವಿರೋಧಿಸಿದರೆ, ಅದೇ ಸರ್ಕಾರದ ನ್ಯಾಕೊ ಅದನ್ನು ಸಮರ್ಥಿಸುವ ಪ್ರಮಾಣಪತ್ರವನ್ನು ಸಲ್ಲಿಸಿತು! 2009ರ ಗೆಲುವು, 2013ರ ಸೋಲುಗಳನ್ನು ದಾಟಿ 2018ರಲ್ಲಿ ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಹೇಳಿತು.

ಗುಳಿಗೆಯ ಬೆಲೆ

1996ರಲ್ಲಿ ವೈದ್ಯಲೋಕಕ್ಕೆ ದೊಡ್ಡ ಸಿಹಿಸುದ್ದಿ ಸಿಕ್ಕಿತು. ಮೂರು ಬಗೆಯ ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ವೈರಾಣು ತಲೆಯೆತ್ತದಂತೆ ಮಾಡಬಹುದೆಂದು ಖಚಿತವಾಯಿತು. ಮರುವರ್ಷ ಅಮೆರಿಕದಲ್ಲಿ ಏಡ್ಸ್ ಸಾವುಗಳು ಶೇಕಡ 47ರಷ್ಟು ಇಳಿದವು. ಆದರೆ ಚಿಕಿತ್ಸೆಯ ಬೆಲೆ ಒಬ್ಬ ರೋಗಿಗೆ ವರ್ಷಕ್ಕೆ 10 ಸಾವಿರ ಡಾಲರಿಗೂ ಹೆಚ್ಚು. ರೋಗಿಗಳಲ್ಲಿ ಬಹುಪಾಲು ಜನ ಇದ್ದದ್ದು ಆಫ್ರಿಕಾದಲ್ಲಿ. ಬದುಕಿಸುವ ಔಷಧಿ ಇದೆಯೆಂದು ತಿಳಿದೂ ಅದು ಕೈಗೆಟುಕದೆ ಸಾಯುವ ಸ್ಥಿತಿ ಬಂತು.

ದಕ್ಷಿಣ ಆಫ್ರಿಕಾ ಅಗ್ಗದ ಔಷಧಿ ತರಿಸಲು ಕಾಯಿದೆ ಮಾಡಿದಾಗ 39 ಔಷಧಿ ಕಂಪನಿಗಳು ಅದರ ವಿರುದ್ಧ ಕೋರ್ಟಿಗೆ ಹೋದವು. ಅಲ್ಲಿನ ಸೋಂಕಿತರ ಸಂಘಟನೆ ‘ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್’ ಬೀದಿಗಿಳಿಯಿತು. ಅದರ ನಾಯಕ ಜಾಕಿ ಅಖ್ಮತ್, ಬಡವರಿಗೂ ಸಿಗುವ ತನಕ ತಾನು ಔಷಧಿ ಮುಟ್ಟುವುದಿಲ್ಲವೆಂದು ವ್ರತ ತೊಟ್ಟರು. ಲೋಕದ ಎದುರು ಮುಖ ಕೆಟ್ಟು ಕಂಪನಿಗಳು 2001ರ ಏಪ್ರಿಲಿನಲ್ಲಿ ದಾವೆಯನ್ನು ಹಿಂತೆಗೆದುಕೊಂಡವು. ದುರಂತವೆಂದರೆ, ಆ ದೇಶದ ಅಧ್ಯಕ್ಷ ಥಾಬೊ ಎಂಬೆಕಿ ಅವರೇ ಏಡ್ಸಿಗೆ ಎಚ್‌ಐವಿ ಕಾರಣವೆಂಬುದನ್ನು ಸಂಶಯಿಸುತ್ತ ಕಾಲ ಕಳೆದರು. ಆ ವಿಳಂಬದಿಂದ 3 ಲಕ್ಷಕ್ಕೂ ಹೆಚ್ಚು ಜನ ಅಕಾಲದಲ್ಲಿ ಸತ್ತರೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು.

ಬೆಲೆಯ ಗೋಡೆಯನ್ನು ಒಡೆದದ್ದು ಮುಂಬಯಿಯ ಸಿಪ್ಲಾ ಕಂಪನಿ. 2001ರ ಫೆಬ್ರುವರಿಯಲ್ಲಿ ಅದರ ಮುಖ್ಯಸ್ಥ ಯೂಸುಫ್ ಹಮೀದ್, ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ, ಗಡಿಗಳಾಚೆಗಿನ ವೈದ್ಯರ ಸಂಸ್ಥೆಗೆ ಕೊಡುವುದಾಗಿ ಪ್ರಕಟಿಸಿದರು. ಇದು ಸಾಧ್ಯವಾದದ್ದು ಭಾರತದ 1970ರ ಪೇಟೆಂಟ್ ಕಾಯಿದೆಯಿಂದ. ಆ ಕಾಯಿದೆಯಲ್ಲಿ ಔಷಧಿ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಇತ್ತೇ ಹೊರತು ಔಷಧಿಗೇ ಇರಲಿಲ್ಲ. ಬೇರೆ ವಿಧಾನದಿಂದ ಅದೇ ಔಷಧಿಯನ್ನು ಯಾರು ಬೇಕಾದರೂ ಮಾಡಬಹುದಾಗಿತ್ತು. 2005ರ ತಿದ್ದುಪಡಿಯ ತನಕ ಈ ಅನುಕೂಲ ಉಳಿಯಿತು. 2002ರಲ್ಲಿ ಜಾಗತಿಕ ನಿಧಿ, 2003ರಲ್ಲಿ ಅಮೆರಿಕದ ‘ಪೆಪ್‌ಫಾರ್’ ಯೋಜನೆ ಬಂದವು. ಮುಂದಿನ ವರ್ಷಗಳಲ್ಲಿ ಆ ಹಣದ ದೊಡ್ಡ ಪಾಲಿನಲ್ಲಿ ಕೊಂಡದ್ದು ಭಾರತದ ಗುಳಿಗೆಗಳನ್ನೇ.

ಆಫ್ರಿಕಾಕ್ಕೆ ಗುಳಿಗೆ ಕಳಿಸಿದ ದೇಶ ತನ್ನ ರೋಗಿಗಳಿಗೆ ಉಚಿತ ಚಿಕಿತ್ಸೆ ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಮೊದಲು ಆರಿಸಿದ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. ಔಷಧಿ ಸಿಗತೊಡಗಿದ ಮೇಲೆ ಪರೀಕ್ಷೆಗೆ ಬರುವುದಕ್ಕೂ ಒಂದು ಅರ್ಥ ಬಂತು. 2011ರಲ್ಲಿ ಇನ್ನೊಂದು ಮಹತ್ವದ ಸಂಗತಿ ಸಾಬೀತಾಯಿತು. ಬೇಗ ಚಿಕಿತ್ಸೆ ಪಡೆದವರಿಂದ ಸಂಗಾತಿಗೆ ಸೋಂಕು ಹರಡುವುದು ಶೇಕಡ 96ರಷ್ಟು ಕಡಿಮೆಯಾಗುತ್ತದೆ. ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದೇ ಇಲ್ಲವೆಂದು ನಂತರದ ಅಧ್ಯಯನಗಳು ತೋರಿಸಿದವು. ರೋಗಿಯನ್ನು ಕಾಪಾಡುವುದೂ ಊರನ್ನು ಕಾಪಾಡುವುದೂ ಒಂದೇ ಎಂಬ ಜೊನಾಥನ್ ಮನ್ ವಾದಕ್ಕೆ ಪ್ರಯೋಗಶಾಲೆಯ ಮುದ್ರೆ ಬಿತ್ತು.

ಮುಗಿಯದ ಲೆಕ್ಕ

ಭಾರತದ ಕಾನೂನೂ ನಿಧಾನವಾಗಿ ತಿರುಗಿತು. ದುಡಿಯಲು ಶಕ್ತನಾದವನಿಗೆ ಸೋಂಕಿದೆಯೆಂಬ ಕಾರಣಕ್ಕೆ ಕೆಲಸ ನಿರಾಕರಿಸಬಾರದೆಂದು ಬಾಂಬೆ ಹೈಕೋರ್ಟು 1997ರಲ್ಲಿ ತೀರ್ಪಿತ್ತಿತು. ಎಂಟು ವರ್ಷಗಳ ಹಿಂದೆ ಗೋವಾದ ಕಾಯಿದೆಯನ್ನು ಎತ್ತಿಹಿಡಿದಿದ್ದೂ ಇದೇ ನ್ಯಾಯಾಲಯ. 2017ರಲ್ಲಿ ಸಂಸತ್ತು ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯನ್ನು ಅಂಗೀಕರಿಸಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ. ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆ ಯಾವುದರಲ್ಲೂ ತಾರತಮ್ಯ ಕೂಡದು ಎಂದು ಅದು ಹೇಳುತ್ತದೆ. ಕಾಗದದ ಮೇಲಿನ ಈ ಮಾತು ಆಸ್ಪತ್ರೆಯ ವಾರ್ಡಿಗೂ ಹಳ್ಳಿಯ ಜಗಲಿಗೂ ಪೂರ್ತಿ ಇಳಿದಿಲ್ಲವೆಂಬುದೂ ನಿಜ.

ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನಲ್ಲಿ ಸೋಂಕಿನೊಡನೆ ಬದುಕುತ್ತಿದ್ದವರು 4 ಕೋಟಿಗೂ ಹೆಚ್ಚು. ಅವರಲ್ಲಿ 3 ಕೋಟಿಗೂ ಮಿಕ್ಕಿ ಜನಕ್ಕೆ ಚಿಕಿತ್ಸೆ ಸಿಗುತ್ತಿತ್ತು. 2004ರಲ್ಲಿ ಸುಮಾರು 20 ಲಕ್ಷ ಮುಟ್ಟಿದ್ದ ವಾರ್ಷಿಕ ಸಾವಿನ ಸಂಖ್ಯೆ 6.3 ಲಕ್ಷಕ್ಕೆ ಇಳಿದಿತ್ತು. ವರ್ಷಕ್ಕೆ ಎರಡೇ ಸಲ ಚುಚ್ಚಿಸಿಕೊಂಡರೆ ಸೋಂಕನ್ನು ತಡೆಯಬಲ್ಲ ಲೆನಾಕಪವಿರ್ ಔಷಧಿಗೆ 2025ರ ಜೂನಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದೇ ವರ್ಷದ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಆಫ್ರಿಕಾದ ಎಷ್ಟೋ ಚಿಕಿತ್ಸಾ ಕೇಂದ್ರಗಳ ಕೆಲಸ ಏರುಪೇರಾಯಿತು. ಒಂದು ಕಾಲಕ್ಕೆ ಬಾಯಿಬಿಟ್ಟು ಮಾತಾಡಿ ಗೆದ್ದಿದ್ದ ಉಗಾಂಡಾ 2023ರಲ್ಲಿ ಸಲಿಂಗಕಾಮಿಗಳ ವಿರುದ್ಧ ಉಗ್ರ ಕಾಯಿದೆಯನ್ನು ತಂದಿತು. ಅಂದರೆ ಗೆದ್ದ ನೆಲವೂ ಕೈಜಾರಬಹುದು. ಗುಳಿಗೆ ಎಷ್ಟೇ ಒಳ್ಳೆಯದಿರಲಿ, ಕದ್ದು ಬದುಕಬೇಕಾದವನ ಕೈಗೆ ಅದು ತಲುಪುವುದಿಲ್ಲ.

ಡಾಮಿನಿಕ್ ಡಿಸೋಜ ಇದನ್ನೆಲ್ಲ ನೋಡಲು ಉಳಿಯಲಿಲ್ಲ. ಸೆರೆಯಿಂದ ಹೊರಬಂದ ಮೇಲೆ ಅವರು ಮುಖ ಮುಚ್ಚಿಕೊಂಡು ಕೂರದೆ ತಮ್ಮಂಥವರ ಪರವಾಗಿ ಊರೂರುಗಳಲ್ಲಿ ಮಾತಾಡಿದರು. 1992ರಲ್ಲಿ ಗೋವಾದಲ್ಲಿ ಸೋಂಕಿತರಿಗಾಗಿ ‘ಪಾಸಿಟಿವ್ ಪೀಪಲ್’ ಎಂಬ ಸಂಸ್ಥೆಗೆ ತಳಹದಿ ಹಾಕಿದರು. ಅದೇ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡರು. ಅವರಿಗೆ ಸೋಂಕಿದೆಯೆಂದು ಸರ್ಕಾರಕ್ಕೆ ತಿಳಿದದ್ದು ಅವರು ಯಾರದೋ ಜೀವ ಉಳಿಯಲೆಂದು ರಕ್ತ ಕೊಟ್ಟದ್ದರಿಂದ. ಅಂಥವರನ್ನು ಕೂಡಿಹಾಕಿದ್ದು ತಪ್ಪೆಂದು ಒಪ್ಪಿಕೊಳ್ಳುವ ಕಾಯಿದೆ ಈ ದೇಶಕ್ಕೆ ಬರಲು 28 ವರ್ಷ ಹಿಡಿಯಿತು.